ಸಮುದ್ರದ ನೀರಿನ ಕುಂಡ

ಟ್ಯೂನಿಸ್‌ನ ಅಂಗಡಿಯವಳು ಫೋನಿನಲ್ಲಿ, "ಕುಂಡಗಳು ಒಂಚೂರು ಸೊಟ್ಟಗಿರ್ಲಿ, ಕೈಯಲ್ಲಿ ಮಾಡಿದ್ದು ಅಂತ ಜನಕ್ಕೆ ಗೊತ್ತಾಗ್ಬೇಕು" ಎಂದಳು. ಕುಂಡ ಸೊಟ್ಟಗಾಗದ ಹಾಗೆ ತಿಗರಿಯ ಮೇಲೆ ಎತ್ತುವುದನ್ನು ಕಲಿಯಲು ನನಗೆ ಹನ್ನೆರಡು ವರ್ಷ ಹಿಡಿದಿತ್ತು. ಈಗ ಅದನ್ನು ಮರೆತುಬಿಡು ಎನ್ನುತ್ತಾಳೆ. "ಆಗ್ಲಿ" ಎಂದು ಫೋನಿಟ್ಟೆ. ಆ ದಿನ ನಾನು ಆಡಿದ ಮಾತು ಅದೊಂದೇ.

ನಮ್ಮ ದ್ವೀಪದ ಕುಂಬಾರರ ಊರು ಗೆಲ್ಲಾಲಾದಲ್ಲಿ ನಮ್ಮಪ್ಪ ಮಾಡುತ್ತಿದ್ದುದು ಆಳು ಒಳಗೆ ಕೂರುವಷ್ಟು ದೊಡ್ಡ ಎಣ್ಣೆ ಹರವಿಗಳನ್ನು. ಪ್ಲಾಸ್ಟಿಕ್ ಬಂದ ಮೇಲೆ ಅವನ್ನು ಕೇಳುವವರಿಲ್ಲ. ನಾನು ಮಾಡುವುದು ಪಟ್ಟಣದ ಮನೆಗಳಲ್ಲಿ ಕಿಟಕಿಯ ಮೇಲೆ ಇಡುವ ಕುಂಡಗಳನ್ನು. ಕೆಲವು ಕಾಫಿ ಲೋಟಕ್ಕಿಂತ ಚಿಕ್ಕವು, ಒಂದು ಕಳ್ಳಿ ಹಿಡಿದರೆ ಹೆಚ್ಚು. ನನ್ನ ಕಾರ್ಖಾನೆ ಅರ್ಧ ನೆಲದೊಳಗಿದೆ, ಮಣ್ಣು ಬೇಗ ಒಣಗಬಾರದು ಎಂದು. ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾಯಿತು, ಮಕ್ಕಳಿಲ್ಲ. ಮೆಟ್ಟಿಲಿಳಿದು ಒಳಗೆ ಬರುವವರು ಇಬ್ಬರೇ: ಕುಂಡಗಳನ್ನು ಗಾಡಿಯಲ್ಲಿ ಸಾಗಿಸುವ ಬೆಲ್ಗಾಸಿಮ್ ಮತ್ತು ಒಂದು ಬೆಕ್ಕು. ಇಬ್ಬರಲ್ಲಿ ಬೆಕ್ಕಿನ ನಡತೆ ವಾಸಿ.

ಒಂಟಿತನ ಅಭ್ಯಾಸವಾಗುತ್ತದೆ ಎಂದು ಜನ ಹೇಳುತ್ತಾರೆ. ಹಾಗೆ ಹೇಳುವವರ ಮನೆಯಲ್ಲಿ ಹತ್ತು ಮಂದಿ ಇರುತ್ತಾರೆ. ನನಗಂತೂ ಅಭ್ಯಾಸವಾಗಿರಲಿಲ್ಲ.

ಅಕ್ಟೋಬರಿನ ಒಂದು ಬುಧವಾರ ಬುಟ್ಟಿ ಹಿಡಿದು ಒಬ್ಬ ಹೆಂಗಸು ಬಂದಳು. ಸ್ಲಿಮಾನನ ಹೆಂಡತಿ ಮನ್ನಾನಾ ಎಂದು ಗುರುತು ಸಿಗಲು ಸ್ವಲ್ಪ ಹೊತ್ತು ಬೇಕಾಯಿತು. ನಮ್ಮ ದ್ವೀಪದ ಅರ್ಧ ಗಂಡಸರ ಹಾಗೆ ಸ್ಲಿಮಾನನೂ ಟ್ಯೂನಿಸ್‌ನಲ್ಲಿ ದಿನಸಿ ಅಂಗಡಿ ಇಟ್ಟಿದ್ದವನು. ಬೇಸಿಗೆಯಲ್ಲಿ ತೀರಿಕೊಂಡಿದ್ದ. ಅಂಗಡಿ ಮಾರಿ ಅವಳೊಬ್ಬಳೇ ಊರಿಗೆ ಬಂದು, ಮಸೀದಿಯ ಹಿಂದೆ ಒಂದು ಕೋಣೆ ಬಾಡಿಗೆ ಹಿಡಿದಿದ್ದಳು.

ಬುಟ್ಟಿಯಲ್ಲಿ ತುಕ್ಕು ಹಿಡಿದ ಟೊಮೆಟೊ ಡಬ್ಬ, ಡಬ್ಬದಲ್ಲಿ ಅತರ್ಶಿಯಾ ಗಿಡ. ಎಲೆ ಸವರಿದರೆ ಬೆರಳಿಗೆ ಗುಲಾಬಿಯ ವಾಸನೆ ಹತ್ತಿಕೊಳ್ಳುತ್ತದಲ್ಲ, ಅದು.

"ಇಪ್ಪತ್ತೆರಡು ವರ್ಷ ಅಂಗಡಿ ಗಲ್ಲಾ ಪಕ್ಕ ಇತ್ತು ಸಾಸಿಯಣ್ಣ," ಎಂದಳು. "ಅಳೋ ಮಕ್ಕಳಿಗೆಲ್ಲ ಅವರು ಇದರದ್ದೊಂದು ಎಲೆ ಕಿತ್ಕೊಡೋರು. ಡಬ್ಬ ತೂತಾಗೋಯ್ತು. ಒಂದು ಕುಂಡ ಮಾಡ್ಕೊಡಿ."

"ಶೆಲ್ಫ್ ತುಂಬಾ ಇದಾವೆ ಅಮ್ಮಾ. ಬೇಕಾದ್ದು ತಗೊಳ್ಳಿ."

"ಇದಕ್ಕೆ ಅಂತಾನೇ ಮಾಡಿದ್ದು ಬೇಕು. ಸ್ಫಾಕ್ಸ್‌ನಲ್ಲಿ ತಂಗಿ ಇದಾಳೆ, ಬಾ ಅಂತ ದಿನಾ ಫೋನ್ ಮಾಡ್ತಾಳೆ. ನಾನೇ ಹೇಳಿದೀನಿ, ಈ ಗಿಡ ಇಲ್ಲಿ ಹಿಡ್ಕೊಂಡ್ರೆ ನಾನೂ ಇಲ್ಲೇ ಇರ್ತೀನಿ, ಇಲ್ದಿದ್ರೆ ಬರ್ತೀನಿ ಅಂತ."

ಅವಳು ನಗುತ್ತಲೇ ಹೇಳಿದಳು, ಆದರೆ ತಮಾಷೆಗೆ ಹೇಳಲಿಲ್ಲ.

ನಮ್ಮ ಮಣ್ಣನ್ನು ತೊಟ್ಟಿಯಲ್ಲಿ ಹಿಡಿದ ಮಳೆನೀರಿನಲ್ಲಿ ಕಲಸಿದರೆ ಸುಟ್ಟ ಮೇಲೆ ಕೆಂಪಗಾಗುತ್ತದೆ. ಸಮುದ್ರದ ನೀರಿನಲ್ಲಿ ಕಲಸಿದರೆ ಬೆಳ್ಳಗೆ ಬರುತ್ತದೆ. ಬಿಳಿಯದು ನಮ್ಮಪ್ಪನ ಕಾಲದ ಹೂಜಿಗಳ ಬಣ್ಣ; ಕುಂಡಗಳಿಗೆ ಯಾರೂ ಕೇಳುವುದಿಲ್ಲ, ನಾನೂ ಮಾಡುವುದಿಲ್ಲ. ಮನ್ನಾನಾಳಿಗೆ ಮಾತ್ರ ಬಿಳಿಯದೇ ಆಗಬೇಕು ಎನಿಸಿತು. ಯಾಕೆಂದರೆ, ಡೌಲು. ನನ್ನ ಕೈಯಲ್ಲಿ ಏನಿದೆ ಎಂದು ಒಬ್ಬರಾದರೂ ನೋಡಲಿ ಎಂಬ ಆಸೆ. ಮೊಪೆಡ್ಡಿನಲ್ಲಿ ದಂಡೆಗೆ ಹೋಗಿ ಎರಡು ಕ್ಯಾನು ನೀರು ತಂದೆ. ಮಣ್ಣನ್ನು ಮೂರು ಸಲ ತುಳಿದೆ. ತಿಗರಿಯ ಮೇಲೆ ಎತ್ತಿದ ಎರಡು ಕುಂಡ ಮುರಿದು, ಮೂರನೆಯದನ್ನು ಉಳಿಸಿಕೊಂಡೆ. ಆವಿಗೆಯಿಂದ ತೆಗೆದಾಗ ಅದು ಎಷ್ಟು ಚೆನ್ನಾಗಿ ಬಂದಿತ್ತೆಂದರೆ, ಸುಮ್ಮನೆ ಕೈಯಲ್ಲಿ ಹಿಡಿದು ಕೂತಿದ್ದೆ.

ಅವಳು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಗಿಡವನ್ನು ಅಲ್ಲೇ ನೆಟ್ಟೆವು. ಟೀ ಮಾಡಿದೆ. ಕಾರ್ಖಾನೆಯಲ್ಲಿದ್ದುದು ಒಂದೇ ಗ್ಲಾಸು, ಅದನ್ನು ಅವಳಿಗೆ ಕೊಟ್ಟು ನಾನು ಸಕ್ಕರೆ ಡಬ್ಬದ ಮುಚ್ಚಳದಲ್ಲಿ ಕುಡಿದೆ. ಅವಳಿಗೆ ನಗು ತಡೆಯಲಾಗಲಿಲ್ಲ.

ಎರಡು ವಾರ ಕಳೆದು ಬುಟ್ಟಿಯ ಸಮೇತ ಮತ್ತೆ ಬಂದಳು. ಎಲೆಗಳ ಅಂಚು ಕಂದುಬಣ್ಣಕ್ಕೆ ತಿರುಗಿತ್ತು.

"ನೀರು ಜಾಸ್ತಿ ಆಗಿರ್ಬೇಕು," ಎಂದೆ. ನಿಜವಾಗಿಯೂ ಹಾಗೆಂದೇ ನಂಬಿದ್ದೆ.

ಮರುವಾರ ಕೆಳಗಿನ ಎಲೆಗಳು ಉದುರಿದ್ದವು. ಬಿಸಿಲು ಹೆಚ್ಚಾಯಿತೇನೋ, ಕಿಟಕಿಯಿಂದ ಈಚೆಗಿಡಿ ಎಂದೆ. ಅಷ್ಟರಲ್ಲಿ ನಾನು ಇನ್ನೊಂದು ಗ್ಲಾಸು ಕೊಂಡಿದ್ದೆ. ಅವಳು ಖರ್ಜೂರ ತುಂಬಿದ ಮಕ್ರೂದ್ ತಂದಿದ್ದಳು. ಅವಳು ಮೇಲೆ ಹತ್ತಿ ಹೋಗುವಾಗ ಬೆಲ್ಗಾಸಿಮ್ ಎದುರಾದ, ಬುಟ್ಟಿಯೊಳಗೆ ಇಣುಕಿ ನೋಡಿಯೇ ಕೆಳಗಿಳಿದ.

"ಏನಪ್ಪಾ ಮದುಮಗ, ಗಡ್ಡ ಬೇರೆ ಟ್ರಿಮ್ ಆಗಿದೆ," ಎಂದ.

"ಬಂದ ಕೆಲಸ ನೋಡು. ಆ ನಲವತ್ತು ಕುಂಡ ಎತ್ಕೊ."

"ಎತ್ಕೋತೀನಿ. ಆಯಮ್ಮನ ಬುಟ್ಟಿಲಿರೋದು ಬಿಳೀದು. ತೊಳ್ದು ಕೊಟ್ಟಿದ್ದೀಯಾ?"

"ಏನು ತೊಳ್ಯೋದು? ಅದರಲ್ಲಿ ಯಾರು ನೀರು ಕುಡೀತಾರೆ?"

ಬೆಲ್ಗಾಸಿಮ್ ನನ್ನನ್ನೇ ನೋಡಿದ. "ಗಿಡ ಕುಡಿಯುತ್ತಲ್ಲೋ ಕತ್ತೆ."

ಬಿಳಿ ಹೂಜಿ ಕೊಂಡವರಿಗೆ ನಮ್ಮೂರಿನ ಕೂಸೂ ಹೇಳುತ್ತದೆ: ಹತ್ತು ದಿನ ಸಿಹಿನೀರು ತುಂಬಿಸಿ ಚೆಲ್ಲಿ, ಮಣ್ಣಲ್ಲಿರುವ ಉಪ್ಪು ಬಿಡಲಿ, ಆಮೇಲೆ ಬಳಸಿ. ಜೀವನಪೂರ್ತಿ ಸಾವಿರ ಜನಕ್ಕೆ ನಾನೇ ಹೇಳಿದ್ದೇನೆ. ಬಾಯಿಗೆ ಹೋಗುವ ನೀರಿಗೆ ಎಂದು ಹೇಳಿ ಹೇಳಿ, ಬೇರಿಗೆ ಹೋಗುವ ನೀರು ತಲೆಗೇ ಬಂದಿರಲಿಲ್ಲ.

"ಇನ್ನೂ ಕೆಟ್ಟಿಲ್ಲ," ಎಂದ ಬೆಲ್ಗಾಸಿಮ್. "ಒಂದು ಕೊಂಬೆ ಮುರಿದು ಕೆಂಪು ಕುಂಡಕ್ಕೆ ನೆಡು. ಆ ಜಾತಿ ಎಲ್ಲಿ ಚುಚ್ಚಿದ್ರೂ ಹಿಡ್ಕೊಳ್ಳುತ್ತೆ."

ಮುಂದಿನ ಬುಧವಾರ ಹೇಳಬೇಕೆಂದು ಒಂದು ಕೆಂಪು ಕುಂಡವನ್ನು ತೆಗೆದು ಕೈಗೆ ಸಿಗುವಲ್ಲೇ ಇಟ್ಟೆ. ಕಾಲು ಗಂಟೆಯ ಕೆಲಸ. ಗಿಡ ಚಿಗುರುತ್ತದೆ, ಅವಳು ಊರಲ್ಲೇ ಉಳಿಯುತ್ತಾಳೆ. ಉಳಿದರೂ ತನ್ನ ಕೋಣೆಯಲ್ಲಿ ಉಳಿಯುತ್ತಾಳೆ, ಚೆನ್ನಾಗಿರುವ ಗಿಡವನ್ನು ಬುಟ್ಟಿಯಲ್ಲಿಟ್ಟುಕೊಂಡು ಇಲ್ಲಿಗೆ ಯಾಕೆ ಬರುತ್ತಾಳೆ? ಈ ಲೆಕ್ಕವನ್ನು ನಾನು ತಿಗರಿ ತುಳಿಯುತ್ತಾ ವಾರವಿಡೀ ಹಾಕಿದೆ. ಹಾಕಿದ್ದಕ್ಕೆ ನಾಚಿಕೆಯಾಗುತ್ತಿತ್ತು. ನಾಚಿಕೆಯಾದರೂ ಹಾಕುತ್ತಲೇ ಇದ್ದೆ.

ಆ ಬುಧವಾರ ಅವಳು ಸ್ಲಿಮಾನನ ಕಥೆ ತೆಗೆದಳು. ಕಡ್ಡಿಪೆಟ್ಟಿಗೆ ಕೇಳಿದವನಿಗೆ ಸಾಬೂನು ಕೊಟ್ಟು, ಸಾಬೂನೇ ನಿನಗೆ ಬೇಕಾಗಿದ್ದು ಎಂದು ವಾದಿಸಿ ಗೆಲ್ಲುತ್ತಿದ್ದನಂತೆ. ಹೇಳುತ್ತಾ ಹೇಳುತ್ತಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನೂ ನಕ್ಕೆ. ನನ್ನ ನಗು ನನಗೇ ಬೇರೆಯವರದ್ದು ಎನಿಸಿತು, ನಕ್ಕು ಅಷ್ಟು ದಿನವಾಗಿತ್ತು. ಕೊನೆಗೆ ಅವಳು ಗಿಡದ ಕಡೆ ತಿರುಗಿ, "ಏನು ಮಾಡೋಣ ಇದಕ್ಕೆ?" ಎಂದಳು.

"ಮೊಟ್ಟೆ ಸಿಪ್ಪೆ ಪುಡಿ ಮಾಡಿ ಹಾಕಿ ನೋಡಿ," ಎಂದೆ.

ಅದರ ಮುಂದಿನ ವಾರ ಒಲೆಯ ಬೂದಿ ಹಾಕಲು ಹೇಳಿದೆ. ಆಮೇಲೆ ಒಣ ಕೊಂಬೆಗಳನ್ನು ಕತ್ತರಿಸಿದೆ, ವೈದ್ಯನ ಗತ್ತಿನಲ್ಲಿ. ಹಸಿರಾಗಿದ್ದ ಒಂದೇ ಒಂದು ಟೊಂಗೆ ಕೈಗೆ ತಗುಲಿತು. ಅದನ್ನು ಮುರಿದು ಪಕ್ಕದ ಕೆಂಪು ಕುಂಡಕ್ಕೆ ಚುಚ್ಚಬಹುದಿತ್ತು. ಬೆರಳಲ್ಲಿ ಸವರಿ ಬಿಟ್ಟುಬಿಟ್ಟೆ.

"ಇದು ನನ್ನ ಕೈ ಗುಣ ಸಾಸಿಯಣ್ಣ," ಎಂದಳು ಅವತ್ತು. "ಈ ಕೈಯಲ್ಲಿ ಏನೂ ಉಳಿಯಲ್ಲ."

"ಹಾಗೆಲ್ಲ ಏನಿಲ್ಲ," ಎಂದೆ. ಅಷ್ಟು ಹೇಳಿ ಅವಳ ಗ್ಲಾಸಿಗೆ ಟೀ ಸುರಿದೆ.

ಡಿಸೆಂಬರಿನ ಎರಡನೇ ಬುಧವಾರ ಅವಳು ಬರಲಿಲ್ಲ. ಗುರುವಾರ ಬಂದಳು. ಬುಟ್ಟಿಯಲ್ಲಿ ಗಿಡವಿರಲಿಲ್ಲ, ಕುಂಡವಷ್ಟೇ ಇತ್ತು, ಬಟ್ಟೆಯಲ್ಲಿ ಸುತ್ತಿದ್ದು.

"ಹೋಯ್ತು," ಎಂದಳು. "ಬುಡದ ತನಕ ಒಣಗಿತ್ತು. ತಂಗಿಗೆ ಫೋನ್ ಮಾಡ್ದೆ, ಶನಿವಾರ ಹೊರಡ್ತೀನಿ. ಇಷ್ಟು ಚೆಂದದ ಕುಂಡ ನನ್ನ ಹತ್ರ ಖಾಲಿ ಇರೋದು ಬೇಡ. ಚೆನ್ನಾಗಿ ತೊಳ್ದಿದೀನಿ, ಬೇರೆ ಯಾರಿಗಾದ್ರೂ ಕೊಡಿ." ಆಮೇಲೆ, "ನೀವು ಎಷ್ಟೊಂದು ಮಾಡಿದ್ರಿ ಸಾಸಿಯಣ್ಣ, ದೇವರು ನಿಮಗೆ ಒಳ್ಳೇದು ಮಾಡ್ಲಿ," ಎಂದಳು.

ಆ ಆಶೀರ್ವಾದವನ್ನು ನನ್ನಿಂದ ನುಂಗಲಾಗಲಿಲ್ಲ.

"ನಿಮ್ಮ ಕೈಯದ್ದಲ್ಲ ತಪ್ಪು," ಎಂದೆ. "ಕುಂಡದ್ದು. ಸಮುದ್ರದ ನೀರಲ್ಲಿ ಕಲಸಿದ್ದೆ. ಉಪ್ಪು ಬಿಡಿಸದೆ ಕೊಟ್ಟೆ."

ಅವಳು ಕುಂಡವನ್ನು ನೋಡಿದಳು, ನನ್ನನ್ನು ನೋಡಿದಳು. "ಯಾವಾಗ ಗೊತ್ತಾಯ್ತು ನಿಮಗೆ?"

ಈಗಷ್ಟೇ ಎಂದು ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ.

"ಮಕ್ರೂದ್ ತಂದಿದ್ರಲ್ಲ, ಅವತ್ತು."

ಅವಳು ಮೆಲ್ಲಗೆ ಬೆಂಚಿನ ಮೇಲೆ ಕೂತಳು. ಬೈಯುತ್ತಾಳೆ ಎಂದುಕೊಂಡೆ, ಬೈಯಲಿ ಎಂದೂ ಬಯಸಿದೆ. ಅವಳು ತನ್ನ ಬಲಗೈ ಅಂಗೈಯನ್ನು ನೋಡುತ್ತಿದ್ದಳು.

"ಅವರಿಗೆ ಕೊನೆ ತನಕ ಔಷಧಿ ಕೊಟ್ಟಿದ್ದು ನಾನೇ," ಎಂದಳು. "ಗಿಡಾನೂ ಹೀಗಾದ್ಮೇಲೆ, ಅವರಿಗೂ ನನ್ನ ಕೈಯೇ ಆಗಿ ಬರ್ಲಿಲ್ಲ ಅಂದ್ಕೊಂಡ್ಬಿಟ್ಟಿದ್ದೆ. ಒಂದು ತಿಂಗಳಿಂದ ನಿದ್ದೆ ಮಾಡಿಲ್ಲ."

ಅದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಹೇಳುತ್ತಿದ್ದೆನೇ? ಹೇಳುತ್ತಿದ್ದೆ ಎಂದು ಇವತ್ತಿಗೂ ಆಣೆ ಮಾಡಲಾರೆ.

"ಯಾಕೆ ಹೇಳ್ಲಿಲ್ಲ?"

"ಗಿಡ ಚೆನ್ನಾಗಾದ್ರೆ ನೀವು ಬರಲ್ಲ ಅಂತ."

ಮೇಲೆ ರಸ್ತೆಯಲ್ಲಿ ಯಾವುದೋ ಗಾಡಿ ಹೋಯಿತು.

"ಇಲ್ಲಿಗೆ ಬಂದ್ರೆ ನಂಗೂ ಹೊತ್ತು ಹೋಗ್ತಿತ್ತು," ಎಂದಳು ಮನ್ನಾನಾ. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಸುಲಭವಾಗುತ್ತಿತ್ತು. "ಗಿಡ ಇರ್ಲಿ ಬಿಡ್ಲಿ, ಬನ್ನಿ ಅಂತ ಒಂದು ಮಾತು ಅಂದಿದ್ರೆ ಬರ್ತಿದ್ದೆ."

ಹೇಳಿದವಳು ಎದ್ದು ನಿಂತಳು, ಆದರೆ ಹೊರಡಲಿಲ್ಲ. ಬುಟ್ಟಿ ಬೆಂಚಿನ ಮೇಲೇ ಇತ್ತು. ಆ ಒಂದು ಮಾತಿಗೆ ಆಗಲೂ ಸಮಯವಿತ್ತು ಎಂದು ಈಗ ಅರ್ಥವಾಗುತ್ತದೆ. ಆಗಲೂ ಅರ್ಥವಾಗಿತ್ತು ಎಂದರೆ ಇನ್ನೂ ನಿಜ. ಬಾಯಿ ತೆರೆದೆ.

"ಸ್ಫಾಕ್ಸ್‌ಗೆ ವ್ಯಾನು ಎಷ್ಟೊತ್ತಿಗೆ?" ಎಂದು ಕೇಳಿದೆ.

"ಏಳು ಗಂಟೆಗೆ," ಎಂದು ಅವಳು ಬುಟ್ಟಿ ಎತ್ತಿಕೊಂಡಳು.