ಬಿಡಿ ಅಲಗಿಗೆ ಸುಂಕವಿಲ್ಲ

"ಮೊದಲು ನಿಮ್ಮ ಕಿವಿ ಏನನ್ನುತ್ತೋ ನೋಡೋಣ, ಮೇಸ್ತ್ರಿ," ಎಂದು ಯಜಮಾನಮ್ಮ ಮರದ ಪೆಟ್ಟಿಗೆಯಿಂದ ಕತ್ತರಿಯ ಎರಡು ಬಿಡಿ ಅಲಗು ತೆಗೆದು ಅವನ ಮುಂದಿಟ್ಟಳು. ಕಡಲು ದಾಟಿ ಬಂದ ಮಾಲು. ಒಂದೊಂದಕ್ಕೂ ಎಣ್ಣೆಕಾಗದ ಸುತ್ತಿತ್ತು.

ಸಾಣೆಕಲ್ಲುಗಳ ಸದ್ದು ಒಂದೊಂದಾಗಿ ನಿಂತಿತು. ಸಾಣೆಯ ಆರೂ ಜನ ಕೈ ಒರೆಸಿಕೊಳ್ಳುತ್ತ ಬಂದು ಮೇಜಿನ ಸುತ್ತ ನಿಂತರು. ಅವರಲ್ಲಿ ಒಬ್ಬ ಮೇಸ್ತ್ರಿಯ ಹೆಂಡತಿಯ ತಮ್ಮ.

ಆ ಕತ್ತರಿ ಕಾರ್ಖಾನೆಯಲ್ಲಿ ಮೇಸ್ತ್ರಿಯದು ಜೋಡಿಸುವ ಕೆಲಸ. ಎರಡು ಅಲಗಿಗೆ ಸ್ಕ್ರೂ ಬಿಗಿದು, ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಕತ್ತರಿಯನ್ನು ಮೆಲ್ಲಗೆ ಕೂಡಿಸುತ್ತಿದ್ದ. ಬುಡದಿಂದ ತುದಿಯವರೆಗೆ ಸದ್ದು ಒಂದೇ ಸಮ ಬಂದರೆ ಸರಿ, ನಡುವೆ ಎಲ್ಲಾದರೂ ತೊದಲಿದರೆ ಸಾಣೆಗೆ ವಾಪಸು. ಆಮೇಲೆ ಒದ್ದೆ ಬಟ್ಟೆ ಕತ್ತರಿಸಿ ನೋಡುವ ಪರೀಕ್ಷೆ. ಅವನು ಸರಿ ಎಂದ ಕತ್ತರಿಯನ್ನು ದರ್ಜಿಗಳು ಬಿಚ್ಚಿ ನೋಡದೆ ಚೀಲಕ್ಕೆ ಹಾಕಿಕೊಂಡು ಹೋಗುತ್ತಿದ್ದರು.

ಎರಡು ತಿಂಗಳ ಹಿಂದೆ ಇವರೆಲ್ಲ ಮಂತ್ರಿಯ ಕಚೇರಿ ಮುಂದೆ ಮೂರು ದಿನ ಬಿಸಿಲಲ್ಲಿ ಕೂತು, ಹೊರದೇಶದ ಕತ್ತರಿಗೆ ಸುಂಕ ಹಾಕಿಸಿದ್ದರು. ಅಂದು ಭಾವಮೈದ ಮೇಸ್ತ್ರಿಯನ್ನು ಹೆಗಲ ಮೇಲೆ ಹೊತ್ತು ಕುಣಿದಿದ್ದ. ಅದೇ ಆದೇಶದಲ್ಲಿ ಹೊರಗಿನ ಉಕ್ಕಿಗೂ ಸುಂಕ ಬಿದ್ದಿದೆ, ಇವರ ಅಲಗಿನ ಉಕ್ಕು ಬರುತ್ತಿದ್ದದ್ದೂ ಹೊರಗಿನಿಂದಲೇ ಎನ್ನುವುದು ಕುಣಿತದ ಗದ್ದಲದಲ್ಲಿ ಯಾರಿಗೂ ಹೊಳೆಯಲಿಲ್ಲ. ಸ್ಕ್ರೂ ಹಾಕದ ಅಲಗು ಕತ್ತರಿಯಲ್ಲ, ಬಿಡಿಭಾಗ, ಅದಕ್ಕೆ ಸುಂಕವಿಲ್ಲ ಎಂಬುದು ತಿಳಿದದ್ದು ಇನ್ನೂ ತಡವಾಗಿ. ಹೆಬ್ಬಾಗಿಲಿಗೆ ಬೀಗ ಜಡಿದು ಹಿತ್ತಲ ಬಾಗಿಲು ತೆರೆದಿಟ್ಟ ಹಾಗಾಗಿತ್ತು.

"ಬಚ್ಚಿಡೋದೇನಿಲ್ಲ, ಎಲ್ಲರೂ ಕೇಳಿಸಿಕೊಳ್ಳಿ," ಎಂದಳು ಯಜಮಾನಮ್ಮ. "ನಾವು ಉಕ್ಕು ಕೊಳ್ಳೋ ಬೆಲೆಗೆ ಕಡಲಾಚೆಯವರು ಸಾಣೆ ಹಿಡಿದ ಅಲಗನ್ನೇ ಕೊಡ್ತಿದಾರೆ. ಮೇಸ್ತ್ರಿ ಸರಿಯಿಲ್ಲ ಅಂದ್ರೆ ಪೆಟ್ಟಿಗೆ ಹಾಗೇ ವಾಪಸ್ಸು, ಹೇಗೋ ಇನ್ನೊಂದು ವರ್ಷ ಎಳೀತೀನಿ. ಸರಿಯಿದೆ ಅಂದ್ರೆ ಸಾಣೆ ನಿಲ್ಲಿಸ್ತೀನಿ. ಇದು ನಮ್ಮಪ್ಪ ಕಟ್ಟಿದ ಜಾಗ, ನಂಗೇನು ಖುಷಿನಾ?"

"ಭಾವನ ಕೆಲಸಕ್ಕೆ ಮೋಸ ಇಲ್ಲ ಬಿಡಿ," ಎಂದ ಭಾವಮೈದ. "ಅಲಗು ಎಲ್ಲಿಂದಾದ್ರೂ ಬರ್ಲಿ, ಮದುವೆ ಮಾಡಿಸೋ ಪುರೋಹಿತರು ಇವರೇ ತಾನೆ!" ಯಾರೋ ಒಬ್ಬರು ನಕ್ಕು, ಒಬ್ಬರೇ ಆದದ್ದು ಕಂಡು ಸುಮ್ಮನಾದರು.

ಮೇಸ್ತ್ರಿ ಸ್ಕ್ರೂ ಬಿಗಿದ. ಕತ್ತರಿಯನ್ನು ಕಿವಿಗೆ ಹಿಡಿದು ಕಣ್ಣು ಮುಚ್ಚಿದ. ನಿದ್ದೆ ಹೋದ ಮಗುವಿನ ಉಸಿರಿನಂತೆ ಸದ್ದು ಬುಡದಿಂದ ತುದಿಗೆ ಹರಿದು ಹೋಯಿತು. ಮತ್ತೊಮ್ಮೆ ಕೂಡಿಸಿದ. ಅದೇ ಸದ್ದು.

"ತುದೀಲಿ ತೊದಲುತ್ತಮ್ಮ," ಎಂದ.

"ಬಟ್ಟೆ ಕತ್ತರಿಸಲಿಲ್ವಲ್ಲ?"

"ಕಿವೀಲೇ ಗೊತ್ತಾಗ್ತಿರೋವಾಗ ಬಟ್ಟೆ ಯಾಕಮ್ಮ ಹಾಳು ಮಾಡೋದು? ಹತ್ತು ದಿನಕ್ಕೆ ದರ್ಜಿಗಳು ತಂದು ಮುಖಕ್ಕೆ ಎಸೀತಾರೆ."

ಯಜಮಾನಮ್ಮ ಒಂದು ಗಳಿಗೆ ಅವನನ್ನೇ ನೋಡಿದಳು. "ಆಯ್ತು. ನೀವು ಅಂದ ಮೇಲೆ ಮುಗೀತು," ಎಂದು ಪೆಟ್ಟಿಗೆಯ ಮುಚ್ಚಳಕ್ಕೆ ಕೈ ಹಾಕಿದಳು. ಅವಳ ಮುಖವೂ ಸ್ವಲ್ಪ ಹಗುರಾದಂತಿತ್ತು.

ಭಾವಮೈದನಿಗೆ ತಡೆಯಲಾಗಲಿಲ್ಲ. "ಕೊಡಿ ಭಾವ ಇಲ್ಲಿ. ಕಡಲು ದಾಟಿ ಬಂದ ಅಳಿಯಂದಿರ ಹಲ್ಲು ಎಷ್ಟು ಗಟ್ಟಿ ನೋಡೋಣ!" ಎಂದು ಕತ್ತರಿ ಕಿತ್ತುಕೊಂಡ.

"ಇಡೋ ಅದನ್ನ," ಎಂದ ಮೇಸ್ತ್ರಿ.

ಅಷ್ಟರಲ್ಲಿ ಭಾವಮೈದ ಬಕೆಟ್ಟಿನಿಂದ ಒದ್ದೆ ಬಟ್ಟೆ ತೆಗೆದು ನಾಲ್ಕು ಮಡಿಕೆ ಮಾಡಿಯಾಗಿತ್ತು. ಕತ್ತರಿ ಬಟ್ಟೆಯೊಳಗೆ ಇಳಿಯಿತು. ಎಲ್ಲೂ ಜಗ್ಗಲಿಲ್ಲ, ಜಾರಲಿಲ್ಲ. ಕೊನೆಯ ಎಳೆಯನ್ನು ತುದಿ ತಾನಾಗಿಯೇ ಕಚ್ಚಿ ಕತ್ತರಿಸಿತು.

"ಆಹಾ!" ಎಂದುಬಿಟ್ಟ ಭಾವಮೈದ.

ಹದಿನಾರು ವರ್ಷ ಸಾಣೆ ಹಿಡಿದವನ ಬಾಯಿ ಅದು. ಒಳ್ಳೆಯ ಅಲಗು ಕಂಡರೆ ಬೇರೇನು ಅಂದೀತು? ಅಂದ ಮೇಲೆ ಅವನು ಮೊದಲು ಯಜಮಾನಮ್ಮನನ್ನು, ಆಮೇಲೆ ಭಾವನನ್ನು ನೋಡಿದ. "ಅಂದ್ರೆ... ಇದೊಂದು ಏನೋ ಅಕಸ್ಮಾತ್ತಾಗಿ..." ಎಂದ.

ಯಜಮಾನಮ್ಮ ಮುಚ್ಚಳ ಬಿಟ್ಟು ಬಂದು, ಕತ್ತರಿಸಿದ ಅಂಚಿನ ಮೇಲೆ ಬೆರಳಾಡಿಸಿದಳು. ಆ ಬಟ್ಟೆಯನ್ನು ನಿಧಾನವಾಗಿ ಮಡಿಸಿ ಮೇಜಿನ ಮೇಲಿಟ್ಟಳು. ಬೈದಿದ್ದರೂ ವಾಸಿಯಿತ್ತು.

"ಈ ವಾರ ಮುಗಿಸಿ, ಸಾಣೆಯವರೆಲ್ಲ ಲೆಕ್ಕ ಚುಕ್ತಾ ಮಾಡಿಸಿಕೊಳ್ಳಿ," ಎಂದಳು ಕೊನೆಗೆ. "ಮೇಸ್ತ್ರಿ, ನೀವಿರಿ, ಸ್ಕ್ರೂ ಬಿಗಿಯೋಕೆ ಒಬ್ಬರು ಬೇಕು. ಸರಿಯಿದೆಯೋ ಇಲ್ವೋ ಅನ್ನೋದನ್ನ ಇನ್ನು ಮೇಲೆ ನಾನೇ ಕತ್ತರಿಸಿ ನೋಡ್ತೀನಿ."

ಸಂಜೆ ಹೊರಗಿನ ತೊಟ್ಟಿಯ ಹತ್ತಿರ ಭಾವಮೈದ ಕೈ ತೊಳೆಯುತ್ತ ಕೂತಿದ್ದ. ದಿನವೂ ಎರಡು ಚೆಂಬು ನೀರಲ್ಲಿ ಮುಗಿಸಿ ಓಡುವವನು, ಇಂದು ಉಗುರಿನ ಸಂದುಗಳಿಗೆಲ್ಲ ಸೋಪು ತಿಕ್ಕುತ್ತಿದ್ದ. ಮೇಸ್ತ್ರಿ ಚೆಂಬು ಹಿಡಿದು ನೀರು ಹಾಕುತ್ತಿದ್ದ.

"ಸಾಕು ಬಿಡೋ, ಚರ್ಮ ಸುಲಿದು ಹೋಗುತ್ತೆ."

"ಪೇಟೆಯ ಬಟ್ಟೆ ಅಂಗಡಿಗೆ ಜನ ಬೇಕಂತೆ ಭಾವ. ನಾಳೆ ಹೋಗಿ ಕೇಳ್ತೀನಿ. ಬಿಳಿ ಬಟ್ಟೆ ಮುಟ್ಟೋ ಕೆಲಸ, ಮೊದಲು ಕೈಯನ್ನೇ ನೋಡ್ತಾರೆ. ಹಾಕಿ, ಇನ್ನೊಂದು ಚೆಂಬು."

ಮೇಸ್ತ್ರಿ ಹಾಕಿದ. ನೀರು ಭಾವಮೈದನ ಬೆರಳುಗಳ ಸಂದಿನಿಂದ ಕಪ್ಪಾಗಿಯೇ ಇಳಿಯಿತು. ಮತ್ತೊಂದು ಚೆಂಬಿಗೆ ತೊಟ್ಟಿಯತ್ತ ಬಾಗಿದ.