ಶ್ರಿಫ್ಟಿನ ಮಂಗಳವಾರ

ಈಸ್ಟರ್ ಹಬ್ಬದ ಮೊದಲಿನ ಉಪವಾಸದ ಕಾಲಕ್ಕೆ ಮುಂಚಿನ ಮಂಗಳವಾರ ನಮ್ಮ ಹಂಬರ್ ನದಿ ದಂಡೆಯ ಊರಿನಲ್ಲಿ ಎಲ್ಲರೂ ಶ್ರಿಫ್ಟಿಗೆ, ಅಂದರೆ ಪಾದ್ರಿಯ ಮುಂದೆ ಪಾಪ ಹೇಳಿಕೊಳ್ಳಲು ಹೋಗಬೇಕು. ಆಮೇಲೆ ಉಪವಾಸದಲ್ಲಿ ತಿನ್ನಬಾರದ ಮೊಟ್ಟೆ, ಬೆಣ್ಣೆಯನ್ನೆಲ್ಲ ದೋಸೆ ಹುಯ್ದು ಮುಗಿಸಬೇಕು.

ಅಂದು ಗೋಡಿತ್ ಬೆಳಗಿನಿಂದ ಕೂತಲ್ಲಿ ಕೂರಲಿಲ್ಲ. ಹಿಟ್ಟು ಕಲಸಿ, ನೀರಾಯಿತೆಂದು ಮತ್ತೆ ಹಿಟ್ಟು ಸುರಿದಳು. ಎರಡು ವರ್ಷದ ಕೆಳಗೆ ಒಬ್ಬ ದೋಣಿಯವನು ಬಂದು, ಉಣ್ಣೆ ಸಾಗಿಸಲು ಹೋಗಿದ್ದ ಮೈದುನ ವುಲ್ಮರ್ ಕಡಲಲ್ಲಿ ಮುಳುಗಿದನೆಂದು ಅವಳೊಬ್ಬಳಿಗೆ ಹೇಳಿದ್ದ. ಅತ್ತೆ ಆಗ ಹಾಸಿಗೆ ಹಿಡಿದಿದ್ದಳು. ಸಾಯುವವಳಿಗೆ ಯಾಕೆ ಎಂದು ಗೋಡಿತ್ ಬಾಯಿ ಬಿಡಲಿಲ್ಲ. ಅತ್ತೆ ಹೋದ ಮೇಲೆ ಗಂಡ ಹೇಮೋಗೆ ಹೇಳಲು ಧೈರ್ಯವಾಗಲಿಲ್ಲ. ಅವನು ಇವತ್ತಿಗೂ ದೋಣಿ ಬಂದಾಗಲೆಲ್ಲ ತಮ್ಮ ಬಂದನೇನೋ ಎಂದು ದಡಕ್ಕೆ ಓಡುತ್ತಿದ್ದ. ಹೋದ ವರ್ಷ ಪಾದ್ರಿಗೆ ಮಾತ್ರ ಹೇಳಿಕೊಂಡಿದ್ದಳು.

ಚರ್ಚಿನ ಬಾಗಿಲಲ್ಲಿ ಸಾಲು ನಿಂತಿತ್ತು. ಲಿಂಕನ್ ಪಟ್ಟಣದಲ್ಲಿ ಕೆಲಸ ಮಾಡಿ ಬಂದ ಕಲ್ಲುಕುಟಿಗ ಗರ್ವೇಸ್ ಹರಟುತ್ತಿದ್ದ.

"ಶ್ರಿಫ್ಟ್ ಅಂದ್ರೆ ಬರೆಯೋದು ಅಂತ ಕಣ್ರೋ! ರೋಮಿನವರ ಮಾತಂತೆ. ನಾವು ಬೊಗಳಿದ್ದೆಲ್ಲ ಪಾದ್ರಿ ಬರೆದಿಟ್ಟಿರ್ತಾನೆ, ನೋಡ್ತಿರಿ."

"ನಿನ್ನ ಪಾಪ ಬರೆಯೋಕೆ ಊರಿನ ಕುರಿಯೆಲ್ಲ ಸುಲಿದ್ರೂ ಚರ್ಮ ಸಾಲಲ್ಲ ಬಿಡೋ," ಅಂದಳು ಒಬ್ಬ ಮುದುಕಿ. ಎಲ್ಲರೂ ನಕ್ಕರು.

ಗೋಡಿತ್ ಹಿಂದೆ ನಿಂತಿದ್ದ ಗಂಡನತ್ತ ತಿರುಗಿ ನೋಡಿದಳು. ಅಷ್ಟರಲ್ಲಿ ನದಿಯ ಕಡೆ ದೋಣಿ ಬಂದ ಕೊಂಬಿನ ಸದ್ದು ಕೇಳಿದ್ದೇ ಹೇಮೋ ಸಾಲು ಬಿಟ್ಟು ಓಡಿದ.

ಪಾದ್ರಿ ಆನ್ಸೆಲ್ ಮುಂದೆ ಮಂಡಿಯೂರಿದವಳೇ ಗೋಡಿತ್ ಪಿಸುಗುಟ್ಟಿದಳು: "ಸ್ವಾಮಿ, ನಂದು ಎಲ್ಲಿ ಬರೆದಿಟ್ಟಿದೀರಿ? ಸುಟ್ಟುಬಿಡಿ."

"ಯಾವ ತಲೆಹರಟೆ ಹೇಳಿದ್ದು? ಪಾಪಾನ ಯಾರೂ ಬರೆಯೋಲ್ಲಮ್ಮ. ಶ್ರಿಫ್ಟ್ ಅನ್ನೋ ಮಾತು ಹುಟ್ಟಿದ್ದು ಬರೆಯೋದ್ರಿಂದಲೇ, ಸರಿ. ಆದ್ರೆ ನಮ್ಮ ಹಿರೀಕರು ಅದನ್ನ ವಿಧಿಸೋದು ಅಂತ ಮಾಡ್ಕೊಂಡ್ರು. ಕಾಯಿಲೆ ಕೇಳಿ ವೈದ್ಯ ಮದ್ದು ಹೇಳ್ತಾನಲ್ಲ, ಹಾಗೆ ಪಾಪ ಕೇಳಿ ಪ್ರಾಯಶ್ಚಿತ್ತ ಹೇಳೋದು. ನಿನಗೆ ಏನು ಹೇಳಿದ್ದೆ?"

"ಗಂಡನಿಗೆ ಹೇಳು ಅಂದಿದ್ರಿ."

"ಹೇಳಿದೆಯಾ?"

"ಶುಕ್ರವಾರ ಶುಕ್ರವಾರ ಬರೀ ನೀರು ಕುಡಿದಿದೀನಿ ಸ್ವಾಮಿ."

"ಅದನ್ನ ನಾನು ಹೇಳಿರಲಿಲ್ಲ. ಏಳು."

ಅವಳು ಮನೆಗೆ ಹೋಗಲಿಲ್ಲ, ದಡಕ್ಕೆ ಹೋದಳು. ಹೇಮೋ ದೋಣಿಯವರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸುತ್ತಿದ್ದ.

"ರೀ, ಅವರನ್ನ ಕೇಳಬೇಡಿ. ವುಲ್ಮರ್ ಬರೋಲ್ಲ. ಮುಳುಗಿಹೋದ. ನನಗೆ ಎರಡು ವರ್ಷದಿಂದ ಗೊತ್ತು, ಒಬ್ಬ ದೋಣಿಯವನು ಬಂದು ಹೇಳಿದ್ದ."

ಹೇಮೋ ನೀರಿನತ್ತ ತಿರುಗಿದ.

"ಅಮ್ಮನಿಗೆ ಗೊತ್ತಿತ್ತಾ?"

"ಇಲ್ಲ."

"ಒಳ್ಳೇದಾಯ್ತು." ಆಮೇಲೆ ಅವಳತ್ತ ತಿರುಗಿದ. "ನಾನೇನು ಸಾಯ್ತಾ ಇದ್ನಾ ಗೋಡಿತ್?"



ಕಲಸಿದ ಹಿಟ್ಟು ಪಕ್ಕದ ಮನೆಗೆ ಹೋಯಿತು. ಉಪವಾಸ ಮುಗಿಯುವವರೆಗೂ ಹೇಮೋ ಕುರಿದೊಡ್ಡಿಯಲ್ಲೇ ಮಲಗಿದ. ಈಸ್ಟರ್ ಕಳೆದ ಮೇಲೆ ಒಂದು ಬೆಳಿಗ್ಗೆ ಬಾಗಿಲಲ್ಲಿ ನಿಂತು ಕರೆದ.

"ಹೊರಡು. ಸತ್ತವರಿಗೆ ಹೊಡೆಯೋ ಗಂಟೆಯನ್ನ ಚರ್ಚಲ್ಲಿ ವುಲ್ಮರ್ ಹೆಸರಲ್ಲಿ ಹೊಡೆಸಬೇಕು. ಆ ದೋಣಿಯವನು ಏನೇನಂದ, ಒಂದು ಮಾತೂ ಬಿಡದೆ ದಾರೀಲಿ ಹೇಳು."

ಗೋಡಿತ್ ಶಾಲು ಹೊದ್ದು ಹೊರಬಂದಳು. ಬೇಲಿ ದಾಟುವ ಮೊದಲೇ ಹೇಳಲು ಶುರುಮಾಡಿದಳು.