ಡಬ್ಬಿ ಸಪ್ಪಳಕ್ಕೆ ಬರುವ ಮೀನು

ಚಿಗಳ್ಳಿಯ ಬಸಲಿಂಗಯ್ಯ ಮೀನು ತಿನ್ನುವ ಮನುಷ್ಯನೇ ಅಲ್ಲ. ಆದರೂ ಅವನ ಹೊಲದ ಕೃಷಿ ಹೊಂಡದ ತುಂಬ ಜಿಲೇಬಿ ಮೀನು! ಮಾರಲಿಕ್ಕೆಂದು ಮಹಿಳಾ ಸಂಘದಿಂದ ಮರಿ ತಂದು ಬಿಟ್ಟವಳು ಹೆಂಡತಿ ಶಾಂತಾದೇವಿ. "ಅಯ್ಯನವರ ಮನ್ಯಾಗ ಮೀನ ಬಂದಾವಂತ" ಎಂದು ಊರು ನಕ್ಕಾಗ ತಾನೂ ನಕ್ಕಿದ್ದಳು. ಹೋದ ವರ್ಷ ಅವಳು ತೀರಿಕೊಂಡಳು. ಆಮೇಲೆ ಬಸಲಿಂಗಯ್ಯ ಒಂದು ಮೀನನ್ನೂ ಮಾರಲಿಲ್ಲ. ದಿನಾ ಬೆಳಿಗ್ಗೆ ಅವಳ ಹಾಗೆಯೇ ತೌಡಿನ ಡಬ್ಬಿ ಬಡಿಯುತ್ತಿದ್ದ, ಮೀನುಗಳು ಮೇಲೆ ಬರುತ್ತಿದ್ದವು. ಅವನು ನಾಲ್ಕು ಮಾತಾಡುತ್ತಿದ್ದುದು ಅವುಗಳ ಜೊತೆಗೇ. ಮನೆಯಲ್ಲಿ ಮಾತಾಡಲು ಇನ್ಯಾರಿದ್ದರು?

ಈ ಬೇಸಿಗೆಯಲ್ಲಿ ಮೀನು ಸಾಯತೊಡಗಿದವು. ಕಣ್ಣಿಗೆ ಪೊರೆ, ಮೈಮೇಲೆ ಕೆಂಪು ಗಾಯ. ಮೂರು ದಿನದಲ್ಲಿ ಅರ್ಧ ಹೊಂಡ ಖಾಲಿ. ಉಳಿದವಾದರೂ ಬದುಕಲಿ ಪಾಪ ಎಂದು ಅವನು ಕೊಡ ತೆಗೆದುಕೊಂಡು ಹೊಂಡಕ್ಕೆ ಬಂದ. ಅಷ್ಟರಲ್ಲಿ ಪೂರ್ಣಿಮಾ ಬಂದಳು. ಶಾಂತಾದೇವಿಯ ಸಂಘದವಳು, ಈಗ ಮೀನು ಸಾಕುವವರಿಗೆ ಸಲಹೆ ಕೊಡುವ ಕೆಲಸದಲ್ಲಿದ್ದಾಳೆ.

"ಕೊಡಾ ಯಾಕ್ರಿ ಕಾಕಾ?"

"ಕೆರಿಗೆ ಬಿಡ್ತೇನವಾ. ದೊಡ್ಡ ನೀರಾಗ ಬದುಕ್ತಾವ."

"ಅಯ್ಯ, ಬ್ಯಾಡ್ರಿ! ಇದು ವೈರಸ್ ರೋಗ ಇದ್ದಂಗ ಕಾಣತೈತಿ. ಕೆರ್ಯಾಗಿನ ಮೀನಕ್ಕೂ ಹತ್ತತೈತಿ. ತಾಂಡಾದ ತುಳಸಿರಾಮಗ ಆ ಕೆರಿ ಮೀನಾ ಗತಿ. ಜೀವಂತ ಇರೂವು ನಾಕು ನನಗ ಕೊಡ್ರಿ, ಲ್ಯಾಬಿಗೆ ಕಳಸ್ತೇನಿ."

ಬಸಲಿಂಗಯ್ಯನಿಗೆ ಸಿಟ್ಟೇ ಬಂತು. "ನಿಮ್ಮ ಲ್ಯಾಬು ಗೊತ್ತೈತಿ ಬಿಡ. ಮೀನಿನ ತಳೀನಾ ಬದಲ ಮಾಡಿ ಹೊಳಿಗೆ ಬಿಡ್ತಾರಂತ. ಈ ರೋಗಾನೂ ಅವರದಾ ಇರಬೇಕು."

"ಹಂಗಲ್ರಿ. ವೈರಸ್ಸಿನೊಳಗ ವಂಶವಾಹಿ ಅಂತ ಇರತಾವ. ಏನ್ ಮಾಡಬೇಕು ಅಂತ ಅದಕ್ಕ ಹೇಳಿಕೊಡೂವು ಅವಾ. ಅದರಾಗಿನ ಒಂದು ತುಣುಕು ಕತ್ತರಿಸಿ, ಬಾಟ್ಲಿಯೊಳಗ ಬೆಳೆಸಿದ ಮೀನಿನ ಜೀವಕೋಶಕ್ಕ ಸೇರಿಸಿ ನೋಡ್ತಾರ. ಯಾವ ತುಣುಕಿನಿಂದ ರೋಗ ಬರತೈತಿ ಅಂತ ತಿಳದ್ರ, ಮುಂದ ಲಸಿಕಿ ಮಾಡಾಕ ದಾರಿ ಸಿಗತೈತಿ. ಎಲ್ಲಾ ಬಾಗಿಲ ಹಾಕಿದ ಕೋಣ್ಯಾಗ ಮಾಡ್ತಾರ್ರಿ, ಯಾವುದನ್ನೂ ಹೊರಗ ಬಿಡೂದಿಲ್ಲ."

"ಇವು ಬದುಕ್ತಾವೇನು?"

ಪೂರ್ಣಿಮಾ ಸುಳ್ಳು ಹೇಳಲಿಲ್ಲ. "ಇಲ್ರಿ ಕಾಕಾ. ಇದಕ್ಕಿನ್ನೂ ಔಷಧ ಇಲ್ಲ."

ಅವನು ದಡದಲ್ಲಿ ಸತ್ತು ಬಿದ್ದ ಮೀನಿನ ಪೊರೆಗಟ್ಟಿದ ಕಣ್ಣು ನೋಡಿದ. "ಕೆರಿಗೆ ಬಿಟ್ರ ಅಲ್ಲಿನ ಮೀನದ ಕಣ್ಣೂ ಹಿಂಗಾ ಆಗತಾವೇನು?"

"ಆಗತಾವ್ರಿ."

ಒಳ್ಳೆಯದು ಮಾಡಲು ಹೊರಟವನು ಕೊಡ ಕೆಳಗಿಟ್ಟ.

ಪೂರ್ಣಿಮಾ ಬಲೆ ಹಿಡಿದು ಕಾದಳು. ಒಂದು ಮೀನೂ ಮೇಲೆ ಬರಲಿಲ್ಲ. ಕಡೆಗೆ ಬಸಲಿಂಗಯ್ಯನೇ ಡಬ್ಬಿ ಬಡಿದ. ಕಣ್ಣು ಕಾಣದಿದ್ದರೂ ಸಪ್ಪಳಕ್ಕೆ ಬಂದವು. ನಂಬಿ ಬಂದವನ್ನು ಬಲೆಗೆ ಕೊಟ್ಟೆನಲ್ಲ ಎಂದು ಅವನು ಟಾವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ.

ವರದಿ ಬಂತು. ವೈರಸ್ಸೇ. ಅಷ್ಟರಲ್ಲಿ ಹೊಂಡದಲ್ಲಿ ಉಳಿದವೂ ಸತ್ತಿದ್ದವು. ಸತ್ತ ಮೀನಿಗೆಲ್ಲ ಸುಣ್ಣ ಹಾಕಿ ಹೂತರು. ಹೊಂಡದ ನೀರು ಹೊರಗೆ ಹರಿಯದಂತೆ ಒಡ್ಡು ಕಟ್ಟಿದರು. ತಿಂಗಳಾದ ಮೇಲೆ ತುಳಸಿರಾಮ ಬಂದು, "ಅಯ್ಯಾರ, ಕೆರಿ ಮೀನ ಚಲೋ ಅದಾವ್ರಿ" ಎಂದ.

"ಚಲೋ ಆತಪಾ" ಎಂದ ಬಸಲಿಂಗಯ್ಯ. ಮರುದಿನ ಬೆಳಿಗ್ಗೆ ಹೊಂಡ ಖಾಲಿಯೆಂಬುದನ್ನು ಮರೆತು, ಡಬ್ಬಿ ಹಿಡಿದು ಹೊಂಡದವರೆಗೂ ಹೋದ.

ಮೀನು ಸಾಕುವ ಅಣ್ಣಂದಿರೇ, ಅಕ್ಕಂದಿರೇ, ಮೀನು ಸಾಯತೊಡಗಿದರೆ ಮುಚ್ಚಿಡಬೇಡಿ. ಕನಿಕರಪಟ್ಟು ಕೆರೆಗೂ ಬಿಡಬೇಡಿ. ಬಲೆ, ಬಕೆಟ್ಟು ಇನ್ನೊಬ್ಬರಿಗೆ ಕೊಡಬೇಡಿ. ಮೀನಿಗೆ ಉಸಿರಿರುವಾಗಲೇ ಮೀನುಗಾರಿಕೆ ಇಲಾಖೆಯವರಿಗೆ ತಿಳಿಸಿ, ಪರೀಕ್ಷೆಗೆ ನಾಲ್ಕು ಮೀನು ಕೊಡಿ. ಬಸಲಿಂಗಯ್ಯನ ಹೊಂಡದಲ್ಲಿ ಇವತ್ತು ಡಬ್ಬಿ ಬಡಿದರೆ ಒಂದೂ ಬರುವುದಿಲ್ಲ. ಊರ ಕೆರೆಯಲ್ಲಿ ಮಾತ್ರ ಇನ್ನೂ ಇವೆ.